ಪದ ಪರಿಚಯ: ವರದಾನ

ವಿಜಯಪುರದಲ್ಲಿ ಉರ್ದು ಆಡುವ ಮನೆಯಲ್ಲಿ ‘ಕರಿಷ್ಮಾ’ ಎಂದರೆ ಪವಾಡ. ಅದು ಪಾರಸಿಯಿಂದ ಬಂದ ಮಾತು. ಚುನಾವಣೆಯ ಹೊತ್ತಿಗೆ ಪತ್ರಿಕೆಗಳು ಬರೆಯುವ ‘ನಾಯಕನ ಕರಿಷ್ಮಾ’ ಬೇರೆ ಮನೆತನದ್ದು. ಗ್ರೀಕಿನ ‘ಖಾರಿಸ್ಮಾ’ ಇಂಗ್ಲಿಷಿನ ಮೂಲಕ ಸುತ್ತು ಬಳಸಿ ನಮ್ಮಲ್ಲಿಗೆ ಬಂದದ್ದು. ಎರಡಕ್ಕೂ ದನಿಯ ಹೋಲಿಕೆಯಿದೆಯೇ ಹೊರತು ನೆಂಟಸ್ತಿಕೆಯಿಲ್ಲ. ಆದರೆ ಬೆಳಗಾವಿಯ ಕ್ಯಾಂಪಿನಲ್ಲಿ ಬೆಳೆದ ಕಥೋಲಿಕಳಾದ ನನಗೆ ಈ ಆಕಸ್ಮಿಕ ಹೋಲಿಕೆ ಬಹಳ ಉಪಯೋಗಕ್ಕೆ ಬಿದ್ದಿದೆ. ಪವಿತ್ರಾತ್ಮರ ವರಗಳನ್ನು ಬೇಡಿ ಕೂಟವಾಗಿ ಸೇರಿ ಮಾಡುವ ‘ಕ್ಯಾರಿಸ್ಮ್ಯಾಟಿಕ್’ ಪ್ರಾರ್ಥನೆ ನಮ್ಮ ಧರ್ಮಸಭೆಯ ಹಳೆಯ ಬೋಧನೆಗೆ ಹೊಂದುತ್ತದೆಯೇ ಎಂಬ ಜಗಳದಲ್ಲಿ ಅರ್ಧ ಪಾಲು ಗ್ರೀಕಿನ ಪದವನ್ನು ಪಾರಸಿಯ ಪದವೆಂದು ತಿಳಿದುದರಿಂದ ಹುಟ್ಟಿದ್ದು.

ಗ್ರೀಕಿನಲ್ಲಿ ‘ಖಾರಿಸ್’ ಎಂದರೆ ಕೃಪೆ. ಆ ಕೃಪೆಯಿಂದ ಕೈಗೆ ಬಂದದ್ದು ‘ಖಾರಿಸ್ಮಾ’. ಕನ್ನಡದಲ್ಲಿ ಪ್ರಾರ್ಥಿಸುವ ಕಥೋಲಿಕರ ಬಳಿ ಇದಕ್ಕೆ ಒಂದು ಅಚ್ಚುಕಟ್ಟಾದ ಜೋಡಿ ಇದೆ: ವರಪ್ರಸಾದ ಮತ್ತು ವರದಾನ. ಜಪಮಾಲೆ ಹಿಡಿದು ‘ನಮೋ ಮರಿಯಾ, ವರಪ್ರಸಾದ ಪೂರ್ಣೆ’ ಎನ್ನುತ್ತೇವಲ್ಲ, ಆ ವರಪ್ರಸಾದ ಮನುಷ್ಯನನ್ನು ದೇವರಿಗೆ ಮೆಚ್ಚುಗೆಯಾಗುವಂತೆ ಮಾಡುವಂಥದ್ದು. ವರದಾನ ಹಾಗಲ್ಲ. ಅದು ಒಬ್ಬರ ಕೈಗೆ ಕೊಟ್ಟದ್ದಾದರೂ ಇನ್ನೊಬ್ಬರಿಗಾಗಿ ಕೊಟ್ಟದ್ದು. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಈ ಎರಡನ್ನೂ ಬಿಡಿಸಿಟ್ಟು, ಮೊದಲನೆಯದೇ ಹೆಚ್ಚಿನದು ಎಂದ. ಮರಿಯಮ್ಮನವರನ್ನು ನಾವು ‘ವರದಾನ ಪೂರ್ಣೆ’ ಎನ್ನುವುದಿಲ್ಲ ಎಂಬುದನ್ನು ಗಮನಿಸಿದರೆ ಸಾಕು.

‘ವರ’ ಎಂದ ಕೂಡಲೇ ನಮ್ಮ ಕಿವಿಗೆ ಪುರಾಣ ಕೇಳಿಸುತ್ತದೆ. ಅಲ್ಲಿ ವರ ಎಂದರೆ ತಪಸ್ಸಿನ ಕೂಲಿ. ಇಲ್ಲಿ ಕೂಲಿಯ ಮಾತೇ ಇಲ್ಲ, ಬಿಟ್ಟಿಯಾಗಿ ಬಂದದ್ದು. ಇಷ್ಟು ವ್ಯತ್ಯಾಸವಿದ್ದರೂ ಒಂದು ವಿಷಯವನ್ನು ಭಸ್ಮಾಸುರನ ಕಥೆ ಯಾವ ದೈವಶಾಸ್ತ್ರಜ್ಞನಿಗಿಂತಲೂ ಚೆನ್ನಾಗಿ ಹೇಳುತ್ತದೆ: ವರ ಸಿಕ್ಕಿದೆ ಎಂದಮಾತ್ರಕ್ಕೆ ಸಿಕ್ಕವನು ಒಳ್ಳೆಯವನೆಂದು ಅರ್ಥವಲ್ಲ. ನಿಮ್ಮ ಹೆಸರಿನಲ್ಲಿ ಪ್ರವಾದನೆ ಮಾಡಿದೆವು, ದೆವ್ವಗಳನ್ನು ಬಿಡಿಸಿದೆವು ಎಂದು ಕಡೆಯ ದಿನ ಬರುವವರಿಗೆ ‘ನಿಮ್ಮನ್ನು ನಾನು ಅರಿಯೆ’ ಎಂದು ಹೇಳುವೆನೆಂದು ಯೇಸು ಮತ್ತಾಯನ ಶುಭಸಂದೇಶದಲ್ಲಿ ನುಡಿದದ್ದೂ ಇದನ್ನೇ.

ವರದಾನಗಳ ಪಟ್ಟಿ ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಿದೆ. ಜ್ಞಾನದ ಮಾತು, ಗುಣಪಡಿಸುವುದು, ಅದ್ಭುತ, ಪ್ರವಾದನೆ, ಭಾಷೆಗಳನ್ನಾಡುವುದು (ಎಂದರೆ ಕಲಿಯದ, ಕೇಳುವವರಿಗೆ ತಿಳಿಯದ ನುಡಿಯಲ್ಲಿ ಪ್ರಾರ್ಥಿಸುವುದು) ಹೀಗೆ ಒಂಬತ್ತು. ಇವು ಯೇಸುವಿನ ಮೊದಲ ಶಿಷ್ಯರಾದ ಅಪೊಸ್ತಲರ ಕಾಲಕ್ಕೇ ಮುಗಿದವು ಎಂದು ಕಥೋಲಿಕ ಧರ್ಮಸಭೆ ಎಂದೂ ಸಿದ್ಧಾಂತವಾಗಿ ಸಾರಿಲ್ಲ. ಭಾಷೆಗಳ ವರ ಆ ಕಾಲದ ಗುರುತಾಗಿತ್ತು, ಸಂದುಹೋಯಿತು ಎಂದಿದ್ದ ಸಂತ ಅಗಸ್ಟೀನನೇ ಮುಪ್ಪಿನಲ್ಲಿ ತಾನು ಧರ್ಮಾಧ್ಯಕ್ಷನಾಗಿದ್ದ (ಎಂದರೆ ಬಿಷಪ್ಪನಾಗಿದ್ದ) ಹಿಪ್ಪೋದಲ್ಲಿ ನಡೆದ ಗುಣಪಡಿಕೆಗಳನ್ನು ಬರೆದಿಟ್ಟ. ಲೋಕದ ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲೂ ಈ ಚರ್ಚೆ ಎದ್ದಿತ್ತು. 1963ರಲ್ಲಿ ಪಲೆರ್ಮೋದ ಕಾರ್ಡಿನಲ್ ರುಫೀನಿ ಇಂಥ ವರಗಳು ಈಗ ಬಲು ಅಪರೂಪ ಎಂದರೆ, ಬೆಲ್ಜಿಯಂನ ಕಾರ್ಡಿನಲ್ ಸೂಯೆನೆನ್ಸ್ ಎದ್ದು ನಿಂತು ಅವು ಧರ್ಮಸಭೆಯ ಜೀವಾಳ ಎಂದು ವಾದಿಸಿದರು. ಮಹಾಸಭೆಯ 1964ರ ದಸ್ತಾವೇಜು ಇಬ್ಬರ ಮಾತಿಗೂ ಜಾಗ ಕೊಟ್ಟಿತು: ವರಗಳನ್ನು ಕೃತಜ್ಞತೆಯಿಂದ ಸ್ವೀಕರಿಸಬೇಕು, ಅಸಾಧಾರಣವಾದವನ್ನು ಹಿಂದುಮುಂದು ನೋಡದೆ ಬಯಸಬಾರದು, ಅಸಲಿಯೋ ನಕಲಿಯೋ ಎಂಬ ತೀರ್ಪು ಧರ್ಮಾಧ್ಯಕ್ಷರದು.

ಕಥೋಲಿಕರಲ್ಲಿ ಕ್ಯಾರಿಸ್ಮ್ಯಾಟಿಕ್ ಚಳವಳಿ ಹುಟ್ಟಿದ್ದು ಇದಾದ ಮೇಲೆ, ಫೆಬ್ರವರಿ 1967ರಲ್ಲಿ, ಅಮೆರಿಕದ ಪಿಟ್ಸ್‌ಬರ್ಗಿನ ಡುಕೇನ್ ವಿಶ್ವವಿದ್ಯಾಲಯದವರ ಒಂದು ಧ್ಯಾನಕೂಟದಲ್ಲಿ. ಅಲ್ಲಿನ ಕೆಲವು ಅಧ್ಯಾಪಕರು ಅದಕ್ಕೆ ಸ್ವಲ್ಪ ಮೊದಲು ಪ್ರೊಟೆಸ್ಟಂಟರ ಪ್ರಾರ್ಥನಾಕೂಟಕ್ಕೆ ಹೋಗಿಬಂದಿದ್ದರು. ಆದ್ದರಿಂದ ‘ಇದು ಹೊರಗಿನಿಂದ ಬಂದದ್ದು’ ಎನ್ನುವ ಸಂಪ್ರದಾಯಸ್ಥರ ಮಾತು ಇತಿಹಾಸವಾಗಿ ಸುಳ್ಳಲ್ಲ. ಆದರೆ ಮುಂದೆ ಪೋಪರೇ ಇದನ್ನು ಒಳಗೆ ಕರೆದರು: 1975ರಲ್ಲಿ ಆರನೆಯ ಪೌಲ್ ರೋಮಿನಲ್ಲಿ ಇವರನ್ನು ಬರಮಾಡಿಕೊಂಡರು, 2019ರಲ್ಲಿ ಫ್ರಾನ್ಸಿಸ್ ಅವರ ಇಚ್ಛೆಯಂತೆ ‘ಖಾರಿಸ್’ ಎಂಬ ಹೆಸರಿನ ಒಂದೇ ಸೇವಾಸಂಸ್ಥೆ ಕೆಲಸ ಆರಂಭಿಸಿತು.

ಹಾಗಾದರೆ ತಂಟೆ ಎಲ್ಲಿ? ನನ್ನ ಮಟ್ಟಿಗೆ ಒಂದು ನುಡಿಗಟ್ಟಿನಲ್ಲಿ. ‘ನೀನು ಪವಿತ್ರಾತ್ಮರ ಸ್ನಾನ ಪಡೆದಿದ್ದೀಯಾ?’ ಎಂದು ಕೂಟಗಳಲ್ಲಿ ಕೇಳುವುದುಂಟು. ದೀಕ್ಷಾಸ್ನಾನದಲ್ಲಿ (ಬ್ಯಾಪ್ಟಿಸಂ), ದೃಢೀಕರಣದಲ್ಲಿ (ಕನ್ಫರ್ಮೇಶನ್) ಪವಿತ್ರಾತ್ಮರನ್ನು ಪಡೆದಾಗಿದೆ ಎಂಬುದು ಹಳೆಯ ಬೋಧನೆ. ಆಗ ಕೊಟ್ಟದ್ದು ಈಗ ಎಚ್ಚರಗೊಂಡಿತು ಎಂದರೆ ತಕರಾರಿಲ್ಲ. ಚಳವಳಿಯ ಬಲ್ಲವರು ಹೇಳುವುದೂ ಹೀಗೆಯೇ. ಆಗ ಬಂದದ್ದು ಅರ್ಧ, ಇಲ್ಲಿ ಬಂದರೆ ಪೂರ್ತಿ ಎಂದರೆ ಅದು ಸಂಸ್ಕಾರಗಳ ಬುಡಕ್ಕೇ ಕೊಡಲಿ.

ಇನ್ನು ಭಾಷೆಗಳ ವಿಚಾರ. ಬೆಳಗಾವಿಯವರಿಗೆ ಭಾಷೆಯ ಬಗ್ಗೆ ಪಾಠ ಬೇಕಿಲ್ಲ. ಕೊಂಕಣಿ, ಮರಾಠಿ, ಕನ್ನಡ, ಇಂಗ್ಲಿಷ್‌ಗಳ ನಡುವೆ ಬಲಿಪೂಜೆ (ಚರ್ಚಿನ ಮಾಸ್) ಯಾವುದರಲ್ಲಿ ಎಂಬುದೇ ಇಲ್ಲಿ ಮನೆಮಾತಿನ ಚರ್ಚೆ. ತಿಳಿಯದ ನುಡಿಯಲ್ಲಿ ಒಂದು ಗಂಟೆ ನಿಂತು ‘ಆಮೆನ್’ ಎಂದವರಿಗೆ ಪೌಲನ ಸಿಟ್ಟು ಥಟ್ಟನೆ ಅರ್ಥವಾಗುತ್ತದೆ. ಅದೇ ಪತ್ರದಲ್ಲಿ ಅವನ ಕಟ್ಟಳೆ ಹೀಗಿದೆ: ಸಭೆಯಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೆ ಒಬ್ಬರು ಮಾತನಾಡಲಿ. ಅರ್ಥ ಹೇಳುವವರಿಲ್ಲದಿದ್ದರೆ ಸುಮ್ಮನಿರಲಿ. ತಿಳಿಯದ ಹತ್ತು ಸಾವಿರ ಮಾತಿಗಿಂತ ತಿಳಿಯುವ ಐದು ಮಾತು ಮೇಲು. ಧ್ವನಿವರ್ಧಕ ಹಚ್ಚಿ ಇಡೀ ಸಭಾಂಗಣವೇ ಒಟ್ಟಿಗೆ ಉಲಿಯುವುದನ್ನು ನೋಡಿದ್ದೇನೆ. ಅದು ಮಾತಲ್ಲ, ಪದವಿಲ್ಲದ ಸ್ತುತಿ; ಹಾಗಾಗಿ ಪೌಲನ ನಿಯಮ ತಗುಲದು ಎಂದು ಸಮರ್ಥಿಸುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಪಕ್ಕದ ಮನೆಯವರು ಒಮ್ಮೆ ಇದನ್ನು ಕಂಡು, ಸವದತ್ತಿ ಯಲ್ಲಮ್ಮನ ಜಾತ್ರೆಯ ನೆನಪಿನಿಂದ, ‘ನಿಮ್ಮಲ್ಲೂ ಮೈಮೇಲೆ ಬರುತ್ತದೆಯೇ?’ ಎಂದು ಕೇಳಿದರು. ನಮ್ಮ ಮಾವಶಿ ಮುನಿಸಿಕೊಂಡರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪ್ರವಾದಿಯ ಆತ್ಮ ಪ್ರವಾದಿಗೆ ಅಧೀನ ಎಂಬುದು ಪೌಲನ ಉತ್ತರ: ವರ ಪಡೆದವರು ಬೇಕೆಂದಾಗ ನಿಲ್ಲಿಸಬಲ್ಲವರಾಗಿರಬೇಕು. ‘ನನ್ನ ಕೈಯಲ್ಲಿರಲಿಲ್ಲ’ ಎಂಬ ಸಮಜಾಯಿಷಿಗೆ ಇಲ್ಲಿ ಎಡೆಯಿಲ್ಲ.

ಗುಣಪಡಿಸುವ ಪ್ರಾರ್ಥನೆಗೆ 2000ದಲ್ಲಿ ವ್ಯಾಟಿಕನ್ ನಿಯಮಾವಳಿಯನ್ನೇ ಹೊರಡಿಸಿತು. ಕಾಯಿಲೆಯವರಿಗಾಗಿ ಯಾರು ಬೇಕಾದರೂ ಪ್ರಾರ್ಥಿಸಬಹುದು. ಆದರೆ ಅದನ್ನು ಬಲಿಪೂಜೆಯೊಳಗೆ ಬೆರೆಸಬಾರದು, ಉನ್ಮಾದ, ನಾಟಕೀಯತೆ ಕೂಡದು. ಯಾರಾದರೂ ಗುಣವಾದರೆ ಸಾಕ್ಷ್ಯಗಳನ್ನು ಸರಳವಾಗಿ, ನಿಖರವಾಗಿ ಸಂಗ್ರಹಿಸಿ ಧರ್ಮಸಭೆಯ ಅಧಿಕಾರಿಗಳಿಗೆ ಒಪ್ಪಿಸಬೇಕು. ಯೂಟ್ಯೂಬಿಗೆ ಒಪ್ಪಿಸಬೇಕೆಂದು ಅದರಲ್ಲಿ ಬರೆದಿಲ್ಲ. ದೆವ್ವ ಬಿಡಿಸುವುದಂತೂ ಧರ್ಮಾಧ್ಯಕ್ಷರ ಅಪ್ಪಣೆ ಪಡೆದ ಗುರುಗಳ ಕೆಲಸ; ಉತ್ಸಾಹಿ ಗೃಹಸ್ಥರದಲ್ಲ.

ಅದೇ 12ನೇ ಅಧ್ಯಾಯದ ಕೊನೆಯಲ್ಲಿ ಪೌಲ ಇನ್ನೊಂದು ಪಟ್ಟಿ ಕೊಡುತ್ತಾನೆ. ಅದರಲ್ಲಿ ಗುಣಪಡಿಸುವವರ ಬೆನ್ನಿಗೇ ನೆರವಾಗುವವರು ಮತ್ತು ಆಡಳಿತ ನಡೆಸುವವರು ಬರುತ್ತಾರೆ. ಭಾಷೆಗಳನ್ನಾಡುವವರದು ಕಡೆಯ ಸ್ಥಾನ. ನೆರವು, ಆಡಳಿತಗಳಂಥವು ಪಾರಸಿಯ ಕರಿಷ್ಮಾಕ್ಕೆ ದಕ್ಕುವುದಿಲ್ಲ, ಗ್ರೀಕಿನದಕ್ಕೆ ದಕ್ಕುತ್ತವೆ. ನಮ್ಮ ಚರ್ಚಿನ ಹಬ್ಬದ ಲೆಕ್ಕ ಬರೆಯುವ ಹಿರಿಯರಿಗೆ, ನಿಮ್ಮದೂ ವರದಾನವೇ ಎಂದು ಒಂದು ಭಾನುವಾರ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, ‘ಹಾಗಾದರೆ ಹೋದ ವರ್ಷದ ಶಾಮಿಯಾನದ ಬಿಲ್ಲು ಎಲ್ಲಿದೆ ಎಂದು ಪವಿತ್ರಾತ್ಮರನ್ನೇ ಕೇಳಬೇಕು’ ಎಂದರು.