ಹಗುರ ನರಜಾಲಗಳು ಮತ್ತು ಇಪ್ಪತ್ತು ಪಿಕ್ಸೆಲ್‌ಗಳ ಓಟ್ಸ್ ಹೊಲ

ಹೈಪರ್‌ಸ್ಪೆಕ್ಟ್ರಲ್ ಚಿತ್ರದ ಪ್ರತಿ ಪಿಕ್ಸೆಲ್‌ನಲ್ಲಿಯೂ ನೂರಾರು ತರಂಗಾಂತರಗಳ ಬೆಳಕಿನ ಅಳತೆ ಇರುತ್ತದೆ. ಕಣ್ಣಿಗೆ ಒಂದೇ ಹಸಿರಾಗಿ ಕಾಣುವ ಎರಡು ಬೆಳೆಗಳು ಅದರಲ್ಲಿ ಬೇರೆಬೇರೆಯಾಗಿ ತೋರಬಲ್ಲವು. ಆದರೆ ಯಾವ ಪಿಕ್ಸೆಲ್ ಯಾವ ಬೆಳೆಯದೆಂದು ಖಚಿತವಾಗಿ ಗುರುತಿಸಲು ಯಾರಾದರೂ ಹೊಲಕ್ಕೆ ಹೋಗಿ ನೋಡಬೇಕು. ಬೆಳೆ ಗುರುತಿಸಲು ಕಂಪ್ಯೂಟರ್‌ಗೆ ಕಲಿಸುವುದು ಅಂಥ ಗುರುತುಗಳಿಂದಲೇ; ಅವು ಎಂದೂ ಸಾಕಷ್ಟು ಸಿಕ್ಕಿಲ್ಲ.

ಗುರುತಿರುವ ಮಾದರಿಗಳ ಸಂಖ್ಯೆ ಹೆಚ್ಚದೆ ಅಳತೆಗಳಷ್ಟೇ ಹೆಚ್ಚಿದರೆ ವರ್ಗೀಕರಣದ ನಿಖರತೆ ಒಂದು ಹಂತದ ಬಳಿಕ ಕುಸಿಯುತ್ತದೆ ಎಂಬುದನ್ನು ಸಂಶೋಧಕ ಹ್ಯೂಸ್ 1968ರಲ್ಲೇ ತೋರಿಸಿದ್ದರು. 1992ರ ಜೂನ್‌ನಲ್ಲಿ ನಾಸಾದ ಅವಿರಿಸ್ ಉಪಕರಣ ಅಮೆರಿಕದ ಇಂಡಿಯಾನಾದ ಹೊಲಗಳ ಮೇಲೆ ಹಾರಿ ತೆಗೆದ 145×145 ಪಿಕ್ಸೆಲ್‌ಗಳ ‘ಇಂಡಿಯನ್ ಪೈನ್ಸ್’ ಚಿತ್ರ ಇಂದಿಗೂ ಈ ಕ್ಷೇತ್ರದ ಒರೆಗಲ್ಲಾಗಿದೆ. ಅದರ 16 ವರ್ಗಗಳಲ್ಲಿ ಸೋಯಾದ ಒಂದು ಬಗೆಗೆ 2,455 ಪಿಕ್ಸೆಲ್‌ಗಳಿದ್ದರೆ ಓಟ್ಸ್‌ಗೆ ಇರುವುದು 20 ಮಾತ್ರ.

ವರ್ಗಗಳ ನಡುವೆ ಗಡಿ ಎಳೆಯುವ ಸಪೋರ್ಟ್ ವೆಕ್ಟರ್ ಮಷೀನ್ ಎಂಬ ವಿಧಾನದ ದಶಕ ಕಳೆದು, 2014ರ ನಂತರ ಆಳ ನರಜಾಲಗಳು, ಎಂದರೆ ಉದಾಹರಣೆಗಳಿಂದ ಕಲಿಯುವ ಬಹುಹಂತದ ಗಣಕ ಮಾದರಿಗಳು, ಬಂದವು. 2020ರಲ್ಲಿ ಪ್ರಕಟವಾದ ಹೈಬ್ರಿಡ್‌ಎಸ್‌ಎನ್ ಎಂಬ ಜಾಲದಲ್ಲಿ ಕಲಿಯಬೇಕಾದ ತೂಕಗಳು (ತರಬೇತಿಯಲ್ಲಿ ಹೊಂದಿಸಿಕೊಳ್ಳುವ ಸಂಖ್ಯೆಗಳು) ಸುಮಾರು 51 ಲಕ್ಷ. ಇಂಡಿಯನ್ ಪೈನ್ಸ್‌ನಲ್ಲಿ ಗುರುತಿರುವ ಪಿಕ್ಸೆಲ್‌ಗಳು 10,249. ಈ ಅಂತರವೇ ಕಡಿಮೆ ತೂಕಗಳಿರುವ ಹಗುರ ಜಾಲಗಳ ಹುಡುಕಾಟಕ್ಕೆ ಬಲ ನೀಡಿತು. ಚಿತ್ರದ 64 ಪದರಗಳನ್ನು ಪಡೆದು 64 ಪದರಗಳನ್ನೇ ಕೊಡುವ 3×3 ಕನ್ವಲ್ಯೂಷನ್‌ಗೆ (ನೆರೆಯ ಪಿಕ್ಸೆಲ್‌ಗಳನ್ನು ತೂಕಗಳಿಂದ ಗುಣಿಸಿ ಕೂಡಿಸುವ ಹಂತ) 36,864 ತೂಕಗಳು ಬೇಕು. ಪ್ರತಿ ಪದರವನ್ನು ಮೊದಲು ಪ್ರತ್ಯೇಕವಾಗಿ ಸಂಸ್ಕರಿಸಿ ಆಮೇಲೆ ಬೆರೆಸಿದರೆ 4,672 ಸಾಕು.

ತೂಕ ಇಳಿಸುವುದು ನಿಜವಾದ ಗಳಿಕೆಯೇ, ಆದರೆ ಅದನ್ನು ಅಳೆದ ಬಗೆ ಬಹುಕಾಲ ಸಡಿಲವಾಗಿತ್ತು. ಜಾಲ ನೋಡುವುದು ಒಂಟಿ ಪಿಕ್ಸೆಲ್ಲನ್ನಲ್ಲ, ಅದರ ಸುತ್ತಲಿನ ಚೌಕವನ್ನು; ಹೈಬ್ರಿಡ್‌ಎಸ್‌ಎನ್‌ನಲ್ಲಿ ಆ ಚೌಕ 25×25. ಒಂದೇ ಚಿತ್ರದಿಂದ ತರಬೇತಿಗೂ ಪರೀಕ್ಷೆಗೂ ಯಾದೃಚ್ಛಿಕವಾಗಿ ಪಿಕ್ಸೆಲ್‌ಗಳನ್ನು ಆರಿಸಿದಾಗ ಚೌಕಗಳು ಒಂದರ ಮೇಲೊಂದು ಬೀಳುತ್ತವೆ, ಪರೀಕ್ಷೆಯ ಹೊಲವನ್ನು ಜಾಲ ತರಬೇತಿಯಲ್ಲಿಯೇ ಕಂಡಿರುತ್ತದೆ. ತರಬೇತಿಯ ಪ್ರದೇಶವನ್ನೂ ಪರೀಕ್ಷೆಯ ಪ್ರದೇಶವನ್ನೂ ಬೇರೆಯಾಗಿಟ್ಟರೆ ನಿಖರತೆ ಗಣನೀಯವಾಗಿ ಇಳಿಯುತ್ತದೆ ಎಂದು 2017 ಮತ್ತು 2019ರ ಪ್ರಬಂಧಗಳು ತೋರಿಸಿದ ಮೇಲೂ ಹಳೆಯ ರೂಢಿ ಪೂರ್ತಿ ಹೋಗಿಲ್ಲ. ಶೇ. 99ರ ಫಲಿತಾಂಶ ಕಂಡಾಗ ಪಿಕ್ಸೆಲ್‌ಗಳನ್ನು ಹೇಗೆ ಹಂಚಲಾಯಿತೆಂದು ಮೊದಲು ಕೇಳುವುದು ಅವಶ್ಯ.

ನಮ್ಮ ನೆಲಕ್ಕೆ ಬಂದರೆ ತೊಡಕು ಇನ್ನೂ ಹೆಚ್ಚುತ್ತದೆ. ಇಸ್ರೋ 2018ರ ನವೆಂಬರ್‌ನಲ್ಲಿ ಹಾರಿಸಿದ ಹೈಸಿಸ್ ಉಪಗ್ರಹದ ಒಂದು ಪಿಕ್ಸೆಲ್ ನೆಲದ ಮೇಲೆ 30 ಮೀಟರ್ ಚೌಕ, ಎಂದರೆ ಸುಮಾರು 9 ಗುಂಟೆ. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲುಗಳಿರುವ ಹೊಲದಲ್ಲಿ ಅಷ್ಟು ಜಾಗದೊಳಗೇ ಹಲವು ಬೆಳೆಗಳು ಬೆರೆತಿರುತ್ತವೆ. ಇಂಡಿಯಾನಾದ ವಿಶಾಲ ಏಕಬೆಳೆ ಹೊಲಗಳಲ್ಲಿ ಪಳಗಿದ ಜಾಲ, ಅದೆಷ್ಟೇ ಹಗುರವಾಗಿದ್ದರೂ, ಇಂಥ ಪಿಕ್ಸೆಲ್ಲಿಗೆ ಒಂದೇ ಹೆಸರು ಕೊಡುತ್ತದೆ.