ಎರಡು ಮೂಳೆಗೆ ಒಂದು ಜೋಲಿ

ಸೈಕಲ್ ಸೀಟು ಕೊಳ್ಳಲು ಹೋದವರು ಮೊದಲು ಮಾಡುವ ಕೆಲಸ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು. ಮೆತ್ತಗಿದ್ದರೆ ಬೇಕು, ಗಟ್ಟಿಯಿದ್ದರೆ ಬೇಡ. ಆದರೆ ಸೀಟಿನ ಮೇಲೆ ಕೂರುವುದು ಹೆಬ್ಬೆರಳಲ್ಲ, ಅಲ್ವಾ?

ಕೂರುವುದು ಎರಡು ಮೂಳೆ. ಗಟ್ಟಿ ಕುರ್ಚಿಯ ಮೇಲೆ, ಅಂಗೈ ಎರಡನ್ನೂ ಅಡಿಗೆ ಇಟ್ಟುಕೊಂಡು ಕೂತು ನೋಡಿ. ಎರಡು ಉಬ್ಬು ಅಂಗೈಗೆ ಚುಚ್ಚಿದಂತೆ ಒತ್ತುತ್ತವೆ. ಸೊಂಟದ ಮೂಳೆಯ ಕೆಳತುದಿಗಳು ಅವು. ವೈದ್ಯರು ಇಸ್ಕಿಯಲ್ ಟ್ಯೂಬರಾಸಿಟಿ ಅನ್ನುತ್ತಾರೆ. ನಾವು ಸುಮ್ನೆ ಕೂರುವ ಮೂಳೆ ಅನ್ನೋಣ. ಮೈಭಾರ ಹೊರಲು ತಕ್ಕ ಜಾಗ ಅದೇ. ಅವೆರಡರ ನಡುವೆ ಇರುವುದು ಮೆದು ಮಾಂಸ, ನರ, ರಕ್ತನಾಳ. ಅಲ್ಲಿ ಭಾರ ಬಿದ್ದರೆ ಜೋಮು ಹಿಡಿಯುತ್ತದೆ.

ಮೆತ್ತನೆ ಸೀಟಿನ ತೊಂದರೆ ಇರುವುದು ಇಲ್ಲೇ. ಮೂಳೆಗಳು ಫೋಮಿನೊಳಗೆ ಇಳಿಯುತ್ತವೆ. ಆಗ ನಡುವಿನ ಫೋಮ್ ಮೇಲಕ್ಕೆ ಉಬ್ಬಿ, ಭಾರ ಬೀಳಬಾರದ ಕಡೆಗೇ ಒತ್ತುತ್ತದೆ. ಹತ್ತು ನಿಮಿಷದ ಸವಾರಿಗೆ ಹಾಯೆನಿಸುವ ಸೀಟು ಒಂದು ಗಂಟೆಯ ಹೊತ್ತಿಗೆ ಶಿಕ್ಷೆಯಾಗುವುದು ಹೀಗೆ.

ಇನ್ನು ಕೂರುವ ಭಂಗಿ. ರೇಸಿನವರಂತೆ ಮುಂದಕ್ಕೆ ಬಾಗಿದರೆ ಸೊಂಟದ ಮೂಳೆಯೂ ಮುಂದಕ್ಕೆ ವಾಲುತ್ತದೆ. ಅದರ ಅಡಿಭಾಗ ಮುಂದೆ ಹೋದಂತೆ ಕಿರಿದಾಗುವುದರಿಂದ, ಆಗ ಕಿರಿದಾದ ಸೀಟೇ ಹೊಂದುತ್ತದೆ. ಭಾರದಲ್ಲಿ ಒಂದು ಪಾಲನ್ನು ಕೈಗಳೂ ಹೊರುತ್ತವೆ. ಹ್ಯಾಂಡಲ್ ಎತ್ತರವಿದ್ದು ಬೆನ್ನು ನೆಟ್ಟಗಿದ್ದರೆ ಲೆಕ್ಕವೇ ಬೇರೆ. ಹೆಚ್ಚುಕಮ್ಮಿ ಎಲ್ಲ ಭಾರವೂ ಆ ಎರಡು ಮೂಳೆಗಳ ಹಿಂಭಾಗಕ್ಕೆ ಇಳಿಯುತ್ತದೆ. ನೆಟ್ಟಗೆ ಕೂರುವವರಿಗೆ ಅಗಲ ಸೀಟು ಬೇಕಾಗುವುದು ಇದಕ್ಕೇ.

ಚರ್ಮದ ಸೀಟಿನಲ್ಲಿ ಅಗಲದ ಮಹತ್ವ ಇನ್ನೂ ಜಾಸ್ತಿ. ಅದು ಕಟ್ಟಿರುವ ರೀತಿಯೇ ಹಾಗೆ. ಒಳಗೆ ಫೋಮ್ ಇಲ್ಲ, ದಿಂಬಿಲ್ಲ. ಹಿಂದೊಂದು ಬಾಗಿದ ಉಕ್ಕಿನ ಪಟ್ಟಿ, ಮುಂದೆ ಮೂತಿಯಲ್ಲಿ ಒಂದು ಉಕ್ಕಿನ ತುಂಡು. ಇವೆರಡರ ನಡುವೆ ದಪ್ಪ ಚರ್ಮವನ್ನು ಬಿಗಿಯಾಗಿ ಎಳೆದು ರಿವೆಟ್ ಹೊಡೆದಿರುತ್ತಾರೆ. ಒಟ್ಟಿನಲ್ಲಿ ಅದೊಂದು ಜೋಲಿ. ಮೂಳೆಗಳು ಜೋಲಿಯ ಒಳಗೆ ಬಿದ್ದರೆ ಸುಖ. ಉಕ್ಕಿನ ಅಂಚಿನ ಮೇಲೆ ಬಿದ್ದರೆ ಎಷ್ಟು ವರ್ಷ ಕೂತರೂ ಅದು ಪಳಗುವುದಿಲ್ಲ. ನಾನು ಮೊದಲು ಕೊಂಡದ್ದು ಇಂಥ ತಪ್ಪು ಸೀಟೇ. ನೋಡಲು ಚೆಂದ, ಆದರೆ ಕಿರಿದು. ರಿವೆಟ್ ಎಲ್ಲೆಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದೆ.

ಅಳತೆ ಸುಲಭ. ಗಟ್ಟಿ ಸ್ಟೂಲಿನ ಮೇಲೆ ರಟ್ಟಿನ ಪೆಟ್ಟಿಗೆಯ ಒಂದು ತುಂಡು ಹಾಸಿ, ಸೈಕಲ್ ಮೇಲೆ ಕೂರುವಷ್ಟೇ ನೆಟ್ಟಗೆ ಕೂತು, ಹಿಮ್ಮಡಿ ಸ್ವಲ್ಪ ಎತ್ತಿ. ಎದ್ದ ಮೇಲೆ ರಟ್ಟಿನಲ್ಲಿ ಎರಡು ತಗ್ಗು ಕಾಣುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ. ಸಾಮಾನ್ಯವಾಗಿ 10ರಿಂದ 14 ಸೆಂ.ಮೀ. ಬರುತ್ತದೆ. ಹೆಂಗಸರಲ್ಲಿ ಸರಾಸರಿ ಸ್ವಲ್ಪ ಜಾಸ್ತಿ, ಆದರೆ ಸರಾಸರಿ ನೋಡಿ ಸೀಟು ಕೊಳ್ಳಬೇಡಿ. ಸೀಟಿನ ಉಕ್ಕಿನ ಅಂಚು ಈ ತಗ್ಗುಗಳಿಂದ ಎರಡೂ ಕಡೆ ಧಾರಾಳವಾಗಿ ಹೊರಗಿರಬೇಕು. ಚರ್ಮದ ಸೀಟು ಮಾಡುವ ಇಂಗ್ಲೆಂಡಿನ ಬ್ರೂಕ್ಸ್ ಕಂಪನಿ 1866ರಲ್ಲಿ ಶುರುವಾದದ್ದು. ಅದರ ಹೆಸರಾಂತ ಸೀಟು ಬಿ17 ಸುಮಾರು 17.5 ಸೆಂ.ಮೀ. ಅಗಲ. ನೆಟ್ಟಗೆ ಕೂರುವವರಿಗಾಗಿ ಮಾಡಿದ ಬಿ67 20 ಸೆಂ.ಮೀ. ದಾಟುತ್ತದೆ, ಕೆಳಗೆ ಸ್ಪ್ರಿಂಗ್ ಕೂಡ ಇದೆ. ಹಾಗಂತ ಬೇಕಾದ್ದಕ್ಕಿಂತ ಅಗಲವಾದರೆ ತೊಡೆ ಉಜ್ಜುತ್ತದೆ.

ಸ್ಪ್ರಿಂಗ್ ಬರೀ ಶೋಕಿಗಲ್ಲ. ಬಾಗಿ ಕೂತವರು ಗುಂಡಿ ಬಂದಾಗ ಪೆಡಲ್ ಮೇಲೆ ಮೈ ಎತ್ತಿಬಿಡುತ್ತಾರೆ. ನೆಟ್ಟಗೆ ಕೂತವರಿಗೆ ಅದು ಅಷ್ಟು ಸುಲಭವಲ್ಲ. ಏಟು ನೇರವಾಗಿ ಬೆನ್ನುಮೂಳೆಗೆ. ಕಿರ್ ಕಿರ್ ಸದ್ದನ್ನು ಮಾತ್ರ ಸಹಿಸಿಕೊಳ್ಳಬೇಕು.

ಹೊಸ ಚಪ್ಪಲಿ ಕಚ್ಚುವಂತೆ ಹೊಸ ಚರ್ಮದ ಸೀಟೂ ಕಚ್ಚುತ್ತದೆ. ಚರ್ಮ ಅಂದರೆ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆ. ಮರದ ತೊಗಟೆಯಂಥವುಗಳ ಒಗರು ಸಾರದಲ್ಲಿ ಹದ ಮಾಡಿದ ಚರ್ಮ ಗಟ್ಟಿಯಾಗಿಯೂ ಇರುತ್ತದೆ, ಹಾಕಿದ ಅಚ್ಚಿಗೂ ಒಗ್ಗುತ್ತದೆ. ಮೈಶಾಖ, ಬೆವರಿನ ತೇವ, ಸತತ ಭಾರ ಮೂರೂ ಸೇರಿದಾಗ ಎಳೆಗಳು ಒಂದರ ಪಕ್ಕ ಒಂದು ಚೂರು ಚೂರೇ ಜರುಗುತ್ತವೆ. ಭಾರ ಇಳಿದ ಮೇಲೂ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ನಿಮ್ಮ ಮೂಳೆಗೆ ಸರಿಯಾಗಿ ಎರಡು ತಗ್ಗು ಬೀಳುತ್ತವೆ. ಭಾರ ಎರಡು ಬಿಂದುಗಳಿಂದ ಎರಡು ಬಟ್ಟಲುಗಳಿಗೆ ಹರಡುತ್ತದೆ. ತೂಕ ಅಷ್ಟೇ, ಜಾಗ ದೊಡ್ಡದು, ಒತ್ತಡ ಕಡಿಮೆ.

ಇದೇ ಗುಣ ತಿರುಗಿಬೀಳುವುದೂ ಉಂಟು. ನೆನೆದ ಸೀಟಿನ ಮೇಲೆ ಕೂತರೆ ಎಳೆಗಳು ವಿಪರೀತ ಜರುಗಿ ಜೋಲಿ ಜೋತುಬೀಳುತ್ತದೆ. ಬೆಂಕಿಯ ಹತ್ತಿರ ಒಣಗಿಸಿದರೆ ಚರ್ಮ ಮುದುಡಿ ಬಿರಿಯುತ್ತದೆ. ನೆರಳಲ್ಲಿ ನಿಧಾನವಾಗಿ ಒಣಗಲಿ. ಕೊಬ್ಬು, ಮೇಣ ಬೆರೆಸಿದ ಚರ್ಮದ ಮುಲಾಮು ವರ್ಷಕ್ಕೆ ಒಂದೆರಡು ಸಲ ತೆಳುವಾಗಿ ಹಚ್ಚಿದರೆ ಸಾಕು. ಎಣ್ಣೆ ಸುರಿದರೆ ಅತಿ ಮೆದುವಾಗುತ್ತದೆ. ಮೂತಿಯ ಕೆಳಗಿನ ಬೋಲ್ಟನ್ನು ಚರ್ಮ ಸಡಿಲವಾದಾಗ ಮಾತ್ರ ಕಾಲು ಸುತ್ತು ಬಿಗಿ ಮಾಡಿ. ಸೀಟಿನ ಮೂತಿ ಕೂದಲೆಳೆಯಷ್ಟು ಮೇಲಿರಲಿ. ಇಲ್ಲದಿದ್ದರೆ ಮುಂದಕ್ಕೆ ಜಾರಿ ಜಾರಿ ಕೈ ನೋಯುತ್ತದೆ.

ಹಳೆಯ ಚರ್ಮದ ಸೀಟು ಅಗ್ಗಕ್ಕೆ ಸಿಕ್ಕರೆ ಓರೆಬೆಳಕಿನಲ್ಲಿ ಹಿಡಿದು ನೋಡಿ. ತಗ್ಗುಗಳು ಆಗಲೇ ಬಿದ್ದಿರುತ್ತವೆ. ನಿಮ್ಮ ರಟ್ಟಿನ ತುಂಡು ಜೊತೆಗಿರಲಿ.