ಪೇಟ್ರನ್: ಶಕ್ತಿ ಕೊಟ್ಟವರಿಗೂ ಏನೋ ಬೇಕಿರುತ್ತದೆ

ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ಬಾಯಿಮಾತಿನಲ್ಲೇ ಕಥೆ ಕಟ್ಟುವ ರೋಲ್‌ಪ್ಲೇ ಆಟಗಳಲ್ಲಿ ‘ಪೇಟ್ರನ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಂದು ಪಾತ್ರಕ್ಕೆ ಮಂತ್ರಶಕ್ತಿ ಕೊಡುವ, ಮನುಷ್ಯರಲ್ಲದ ಒಂದು ದೊಡ್ಡ ಜೀವಿಯೇ ಪೇಟ್ರನ್. ಅದು ಕಾಡಿನ ಮಾಯಾರಾಣಿ ಆಗಿರಬಹುದು, ಪಾತಾಳದ ದೆವ್ವ ಆಗಿರಬಹುದು, ನಕ್ಷತ್ರಗಳ ಆಚೆ ಮಲಗಿರುವ ಹೆಸರಿಲ್ಲದ ಏನೋ ಆಗಿರಬಹುದು. ಕೊಡುವುದೇನೋ ಕೊಡುತ್ತದೆ, ಆದರೆ ಸುಮ್ನೆ ಕೊಡುವುದಿಲ್ಲ.

1974ರಲ್ಲಿ ಬಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಟದಲ್ಲಿ ಇಂಥ ಒಪ್ಪಂದ ಮಾಡಿಕೊಳ್ಳುವ ಪಾತ್ರಕ್ಕೆ ವಾರ್ಲಾಕ್ ಎನ್ನುತ್ತಾರೆ. ಆಟದ ಮುಖ್ಯ ನಿಯಮಪುಸ್ತಕದಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು 2008ರ ನಾಲ್ಕನೇ ಆವೃತ್ತಿಯಲ್ಲಿ. 2014ರ ಪುಸ್ತಕದಲ್ಲಿ ಆರ್ಚ್‌ಫೇ (ಮಾಯಾಲೋಕದ ಒಡೆಯರು), ಫೀಂಡ್ (ಪಾತಾಳದ ದೆವ್ವ), ಗ್ರೇಟ್ ಓಲ್ಡ್ ಒನ್ (ನಕ್ಷತ್ರಗಳ ಆಚೆಯ ಆ ಏನೋ) ಎಂಬ ಮೂರು ಬಗೆಯ ಪೇಟ್ರನ್‌ಗಳಿದ್ದವು. 2024ರಲ್ಲಿ ಸೆಲೆಸ್ಟಿಯಲ್ (ಸ್ವರ್ಗದ ಜೀವಿ) ಸೇರಿ ನಾಲ್ಕಾದವು. ಅದೇ ಆಟದ ಕ್ಲೆರಿಕ್ ಎಂಬ ಪೂಜಾರಿ ಪಾತ್ರಕ್ಕೆ ಶಕ್ತಿ ಬರುವುದು ದೇವರ ಮೇಲಿನ ನಂಬಿಕೆಯಿಂದ. ವಾರ್ಲಾಕ್‌ಗೆ ಭಕ್ತಿ ಇರಲೇಬೇಕು ಅಂತೇನಿಲ್ಲ. ಭಯ ಇರಬಹುದು, ಒಳಗೊಳಗೇ ದ್ವೇಷವೂ ಇರಬಹುದು. ಕೊಟ್ಟ ಮಾತು ಒಂದು ಇದ್ದರೆ ಸಾಕು.

ಎಷ್ಟೋ ಆಟಗಳಲ್ಲಿ ಪೇಟ್ರನ್ ಮೊದಲ ದಿನ ಒಂದು ಹೆಸರಾಗಿ ಬಂದು, ಆಮೇಲೆ ಕಾಣೆಯಾಗಿಬಿಡುತ್ತದೆ. ಇಲ್ಲವೇ ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಅದನ್ನು ಬೆತ್ತದಂತೆ ಹಿಡಿದು, ಆಟಗಾರ ಮಾತು ಕೇಳದಿದ್ದಾಗಲೆಲ್ಲ ಹೆದರಿಸುತ್ತಾರೆ. ಎರಡರಲ್ಲೂ ಒಂದು ಒಳ್ಳೆಯ ಪಾತ್ರ ಹಾಳಾಗುತ್ತದೆ. ಪೇಟ್ರನ್‌ಗೆ ಅದರದೇ ಆಸೆ ಇರಬೇಕು, ಅದರದೇ ನೋವು ಇರಬೇಕು.

ಕಥೆ ಕೊಪ್ಪಳ ಸೀಮೆಯಲ್ಲೇ ನಡೆಯುತ್ತಿದೆ ಅಂದುಕೊಳ್ಳಿ. ಆನೆಗೊಂದಿಯಲ್ಲಿ ಹರಿಗೋಲು ಹಾಕುವ ಹುಡುಗಿಯೇ ವಾರ್ಲಾಕ್. ತುಂಗಭದ್ರೆಯಲ್ಲಿ ಬಹಳ ಹಿಂದಿನಿಂದ ಇರುವ ಒಂದು ಜೀವಿ ಅವಳ ಪೇಟ್ರನ್. ಅಣೆಕಟ್ಟು ಕಟ್ಟಿದಾಗ ಅದರ ದಂಡೆ, ಅದಕ್ಕೆ ದೀಪ ಹಚ್ಚುತ್ತಿದ್ದ ಊರು, ಎಲ್ಲ ಹಿನ್ನೀರಿನಲ್ಲಿ ಮುಳುಗಿದವು. ಅದಕ್ಕೆ ಲೋಕ ಗೆಲ್ಲುವ ಆಸೆ ಇಲ್ಲ. ತನ್ನ ಊರನ್ನು ಮಾರಿದ್ದು ಯಾರು ಅಂತ ಗೊತ್ತಾಗಬೇಕು, ಅಷ್ಟೇ. ಮೊದಲ ಸಲ ಅದು ಕೇಳುವುದು ಬಹಳ ಚಿಕ್ಕದು: ‘ನಾಳೆ ಹೊಳೆ ದಾಟುವ ಮುದುಕನ ಹೆಸರು ಕೇಳಿಕೊಂಡು ಬಾ.’ ಎರಡನೇ ಸಲ, ಅವನ ಮನೆಯ ಟ್ರಂಕಿನಲ್ಲಿರುವ ಹಳೆಯ ಕಾಗದ ಬೇಕು ಅನ್ನುತ್ತದೆ. ಪರಿಹಾರದ ದುಡ್ಡಿಗಾಗಿ ಊರಿನ ಪರವಾಗಿ ಸುಳ್ಳು ರುಜು ಹಾಕಿದವನು ಆ ಮುದುಕನ ಅಪ್ಪ ಎಂದು ಮೂರನೇ ಸಲಕ್ಕೆ ತಿಳಿಯುತ್ತದೆ. ಅಷ್ಟರಲ್ಲಿ ಆ ಮುದುಕ ಇಡೀ ತಂಡಕ್ಕೆ ಊಟ ಹಾಕಿ, ದಾರಿ ತೋರಿಸಿ, ಎಲ್ಲರಿಗೂ ಬೇಕಾದವನಾಗಿರುತ್ತಾನೆ. ಈಗ ಹುಡುಗಿ ಏನು ಮಾಡಬೇಕು? ಯಾವ ದಾಳವೂ ಇದಕ್ಕೆ ಉತ್ತರ ಹೇಳುವುದಿಲ್ಲ. ಪೇಟ್ರನ್ ಎಂಬ ಕಲ್ಪನೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಪೇಟ್ರನ್ ಜಾಸ್ತಿ ಮಾತಾಡಬಾರದು. ಈ ವಿಷಯದಲ್ಲಿ ಮೈಲಾರದ ಕಾರ್ಣಿಕಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗುವುದಿಲ್ಲ. ವಿಜಯನಗರ ಜಿಲ್ಲೆಯ ಮೈಲಾರದಲ್ಲಿ ಜಾತ್ರೆಯ ಹೊತ್ತಿಗೆ ಮೈಲಾರಲಿಂಗನ ಭಕ್ತನಾದ ಗೊರವಯ್ಯ ನುಡಿಯುವ ಭವಿಷ್ಯವೇ ಕಾರ್ಣಿಕ. ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ ಅಂದ ಕೂಡಲೇ ಸೇರಿದ ಜನರೆಲ್ಲ ಮೌನವಾಗುತ್ತಾರೆ. ಅವನು ಆಡುವುದು ಒಂದೇ ಸಾಲು. ಮಳೆ, ಬೆಳೆ, ರಾಜಕೀಯ ಅಂತ ಜನ ಅದಕ್ಕೆ ತಮ್ಮ ತಮ್ಮ ಅರ್ಥ ಹುಡುಕುತ್ತಾರೆ. ಡಿಎಂ ಕೂಡ ಅಂಥ ಒಂದೇ ಸಾಲು ಬಿಟ್ಟು ಸುಮ್ಮನಿದ್ದರೆ ಸಾಕು. ಉಳಿದ ಅರ್ಥವನ್ನು ಆಟಗಾರರೇ ಕಟ್ಟುತ್ತಾರೆ.

ಮಾತು ಮುರಿದರೆ ಶಕ್ತಿ ಕಿತ್ತುಕೊಳ್ಳಬೇಕಾ? ಬೇಡ ಅನ್ನುತ್ತೇನೆ. 2014ರ ಪುಸ್ತಕದಲ್ಲಿ ಅಂಥ ನಿಯಮವೂ ಇಲ್ಲ. ಶಕ್ತಿ ಹೋದ ವಾರ್ಲಾಕ್ ಆಡಲು ಬಂದವರು ಸಂಜೆಯೆಲ್ಲ ಕೈಕಟ್ಟಿ ಕೂರಬೇಕಾಗುತ್ತದೆ. ಅದರ ಬದಲು ಬೇರೆ ಬೆಲೆ ಕೇಳಿ. ಹುಡುಗಿಯ ಹರಿಗೋಲು ಇನ್ನು ಮುಂದೆ ನಡುಹೊಳೆಯಲ್ಲಿ ತಾನಾಗಿಯೇ ನಿಲ್ಲಲಿ. ಅಥವಾ ಪೇಟ್ರನ್ ಇನ್ನೊಬ್ಬ ವಾರ್ಲಾಕನ್ನು ಹುಡುಕಿಕೊಳ್ಳಲಿ. 2012ರ ಡಂಜನ್ ಕ್ರಾಲ್ ಕ್ಲಾಸಿಕ್ಸ್ ಆಟದಲ್ಲಿ ಈ ಬೆಲೆ ಮೈಮೇಲೇ ಕಾಣುತ್ತದೆ: ಪೇಟ್ರನ್ ನಂಟಿನ ಮಂತ್ರ ಕೆಟ್ಟರೆ ಅದರ ಗುರುತು ಮಾಂತ್ರಿಕನಿಗೆ ಅಂಟಿಕೊಳ್ಳಬಹುದು.

ಇದೆಲ್ಲ ಆಟ ಶುರುವಾಗುವ ಮೊದಲೇ ಕೂತು ಮಾತಾಡಿಕೊಳ್ಳುವ ವಿಷಯ. ನಿನಗೆ ಏನು ಸಿಕ್ಕಿತು, ನೀನು ಏನು ಒಪ್ಪಿಕೊಂಡೆ, ಕಥೆಯಲ್ಲಿ ಯಾವುದನ್ನು ಮುಟ್ಟಬಾರದು ಎಂದು ಆಟಗಾರರನ್ನು ಕೇಳಿ. ಮನೆಯವರಿಗೆ ಕೇಡಾಗುವ ಕಥೆ ಬೇಡ ಅಂದರೆ ಬೇಡವೇ. ಪೇಟ್ರನ್ ಹಿನ್ನೆಲೆಯಲ್ಲೇ ಇರಲಿ ಅಂದರೆ ಅದಕ್ಕೂ ಒಪ್ಪಿಕೊಳ್ಳಬೇಕು.

ಒಬ್ಬರ ಜೊತೆಗೇ ಪೇಟ್ರನ್ ಮಾತಾಡುತ್ತಿದ್ದರೆ ಉಳಿದವರು ಮೊಬೈಲ್ ತೆಗೆಯುತ್ತಾರೆ, ಅಲ್ವಾ? ಹಾಗಾಗಿ ಪೇಟ್ರನ್ ಪಾತ್ರವನ್ನು ಪಕ್ಕದಲ್ಲಿ ಕೂತ ಗೆಳೆಯರಿಗೇ ಆಡಲು ಕೊಡಿ. ಅದಕ್ಕೆ ಏನು ಬೇಕು, ಏನನ್ನು ಮುಚ್ಚಿಡುತ್ತಿದೆ ಎಂದು ಡಿಎಂ ಒಂದು ಚೀಟಿಯಲ್ಲಿ ಬರೆದು ಕೈಗಿಟ್ಟರೆ ಸಾಕು. ಚೌಕಾಸಿ ವಾರ್ಲಾಕ್ ಆಡುವವರಿಗೂ ಆ ಗೆಳೆಯರಿಗೂ ನಡುವೆಯೇ ನಡೆಯುತ್ತದೆ.